ಹಳೇ ವಿಲ್ಲೀಸ್ ಪಿಕಪ್‌ಗೆ ಯಾವ ಸ್ಟೀರಿಂಗ್ ಕಾಲಂ ಹಾಕಿಸಬೇಕು?

ತೋಟದಮನೆ (ತೀರ್ಥಹಳ್ಳಿ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಅಪ್ಪನ ಕಾಲದ ವಿಲ್ಲೀಸ್ ಪಿಕಪ್ ಇದೆ. 1958ರ ಗಾಡಿ, ಬಲಗೈ ಸ್ಟೀರಿಂಗ್, ಫೋರ್ ವೀಲ್, ನಾಲ್ಕು ಸಿಲಿಂಡರಿನ ಹರಿಕೇನ್ ಪೆಟ್ರೋಲ್ ಎಂಜಿನ್. ಎಂಜಿನ್ ಕೆಲಸ ಮುಗಿದಿದೆ, ಬ್ರೇಕೂ ಆಗಿದೆ. ಈಗ ಸ್ಟೀರಿಂಗ್ ಹತ್ತಿರ ಬಂದು ನಿಂತಿದ್ದೇವೆ.

ಸ್ಟೀರಿಂಗ್ ವೀಲ್ ಹಿಡಿದು ಮೇಲಕ್ಕೆ ಎತ್ತಿದರೆ ಕಟಕ್ ಅನ್ನುತ್ತದೆ, ಬಿಟ್ಟರೆ ಮತ್ತೆ ಕಟಕ್. ಎಡಕ್ಕೂ ಬಲಕ್ಕೂ ಅಲ್ಲಾಡುತ್ತದೆ. ನೇರ ರಸ್ತೆಯಲ್ಲಿ ಸುಮಾರು ಒಂದು ಗೇಣು ಪ್ಲೇ ಇದೆ, ಅಂದರೆ ಅಷ್ಟು ತಿರುಗಿಸಿದರೂ ಚಕ್ರ ತಿರುಗುವುದಿಲ್ಲ. ಕಾಲಂ ಅಂದರೆ ವೀಲ್‌ನಿಂದ ಕೆಳಗೆ ಇಳಿಯುವ ರಾಡು ಮತ್ತು ಅದರ ಹೊರಗಿನ ಪೈಪು; ಆ ಪೈಪು ಕ್ಯಾಬಿನ್ ನೆಲ ದಾಟುವ ಜಾಗದಲ್ಲಿ ಪೂರ್ತಿ ತುಕ್ಕು ಹಿಡಿದಿದೆ. ಮಳೆಗಾಲದಲ್ಲಿ ಮ್ಯಾಟ್ ಕೆಳಗೆ ನೀರು ನಿಂತು ನಿಂತು ಹಾಗಾಗಿದ್ದು, ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಹೋಗುತ್ತದೆ.

ಕಾಲಂ ಬದಲಾಯಿಸಲೇಬೇಕು ಅಂತ ತೀರ್ಮಾನ ಮಾಡಿದ್ದೇನೆ. ಯಾವುದು ಅನ್ನೋದೇ ಪ್ರಶ್ನೆ. ಶಿವಮೊಗ್ಗದ ಗುಜರಿಯಲ್ಲಿ ಹಳೇ ಮಹೀಂದ್ರಾ ಜೀಪಿನ ಕಾಲಂ ಒಂದಿದೆ, ನೋಡಲು ಚೆನ್ನಾಗಿದೆ. ತಮ್ಮ ಅಮೆರಿಕದಲ್ಲಿದ್ದಾನೆ, ಅಲ್ಲಿ ಹಳೇ ಪಿಕಪ್‌ಗಳಿಗೆ ಅಂತಲೇ ಇಡಿಡಿಟ್, ಫ್ಲೇಮಿಂಗ್ ರಿವರ್ ಅಂತ ಕಂಪನಿಗಳು ಹೊಸ ಟಿಲ್ಟ್ ಕಾಲಂ (ವೀಲನ್ನು ಬೇಕಾದ ಹಾಗೆ ಮೇಲೆ ಕೆಳಗೆ ಬಾಗಿಸಬಹುದಾದದ್ದು) ಮಾಡುತ್ತವಂತೆ, ಬೇಕಾದರೆ ತರುತ್ತೇನೆ ಅನ್ನುತ್ತಾನೆ. ಇಲ್ಲೊಬ್ಬರು ಮೆಕ್ಯಾನಿಕ್, ಬೊಲೆರೊ ಕಾಲಂ ತಂದು ಹಳೇ ರಾಡ್ ಕತ್ತರಿಸಿ ವೆಲ್ಡ್ ಮಾಡಿ ಕೊಡುತ್ತೇನೆ, ಎರಡು ದಿನದ ಕೆಲಸ ಅಂದಿದ್ದಾರೆ. ಗಾಡಿ ತೋಟದಲ್ಲಿ ಓಡಬೇಕು, ಪೇಟೆಗೆ ಅಡಿಕೆ ಮೂಟೆ ಒಯ್ಯಬೇಕು, ಆಗುಂಬೆ ಘಾಟಿ ಇಳಿದು ಹೆಬ್ರಿಗೂ ಹೋಗಬೇಕು. ಯಾವುದನ್ನು ಆರಿಸಲಿ? ತಿಳಿದವರು ಹೇಳಿ.

ಭದ್ರಾವತಿ ಟರ್ನರ್:

ಬೇರೆಲ್ಲ ಆಮೇಲೆ. ಮೊದಲು ಆ ವೆಲ್ಡಿಂಗ್ ಮಾತು ಬಿಟ್ಟುಬಿಡಿ ಅಣ್ಣ. ಸ್ಟೀರಿಂಗ್ ರಾಡನ್ನು ಕತ್ತರಿಸಿ ತುದಿಗೆ ತುದಿ ಇಟ್ಟು ವೆಲ್ಡ್ ಹೊಡೆಯುವ ಕೆಲಸವನ್ನು ಯಾರು ಎಷ್ಟು ಚೆನ್ನಾಗಿ ಮಾಡುತ್ತೇನೆ ಅಂದರೂ ಒಪ್ಪಬೇಡಿ. ಆ ರಾಡ್ ಒಳ್ಳೆ ಉಕ್ಕು. ವೆಲ್ಡ್ ಬಿಸಿ ತಾಗಿದ ಜಾಗದ ಪಕ್ಕದಲ್ಲೇ ಗಡಸಾಗಿ ಪೆಡಸಾಗುತ್ತದೆ. ಹೊರಗೆ ಗ್ರೈಂಡ್ ಮಾಡಿ ಪೇಂಟ್ ಹೊಡೆದ ಮೇಲೆ ಯಾರಿಗೂ ಕಾಣುವುದಿಲ್ಲ. ಒಂದು ದಿನ ತಿರುವಿನಲ್ಲಿ ಟಕ್ ಅಂತ ತುಂಡಾದರೆ ಕೈಯಲ್ಲಿ ವೀಲ್ ಮಾತ್ರ ಉಳಿಯುತ್ತದೆ. ನಾನು ದಿನಾ ಲೇತ್ ಮುಂದೆ ನಿಲ್ಲುವವನು. ನನ್ನ ಹತ್ತಿರ ಇಂಥ ಕೆಲಸ ತಂದರೆ ವಾಪಸ್ ಕಳಿಸುತ್ತೇನೆ.

ಹೊರಗಿನ ಪೈಪಿನ ಮಾತು ಬೇರೆ. ಅದು ತಿರುಗುವುದಿಲ್ಲ, ಮೇಲಿನ ಬೇರಿಂಗ್ ಹಿಡಿದುಕೊಂಡು ಬ್ರಾಕೆಟ್‌ಗೆ ಕೂತಿರುತ್ತದೆ ಅಷ್ಟೇ. ಅದೇ ವ್ಯಾಸದ ಸೀಮ್‌ಲೆಸ್ ಪೈಪ್ ತಂದು ಉದ್ದ ಸರಿ ಮಾಡಿ ಹೊಸದು ಮಾಡಬಹುದು.

ಕೊಪ್ಪದ ಜೀಪ್:

ಟರ್ನರ್ ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಮಾರಾಯ್ರೆ, ನೀವು ಒಂದು ವಿಷಯ ಗಮನಿಸಿದ ಹಾಗಿಲ್ಲ. ನಿಮ್ಮ ಗಾಡಿಯಲ್ಲಿ ಕಾಲಂ ಅಂತ ಬೇರೆ ಒಂದು ಸಾಮಾನು ಇಲ್ಲ.

ಈಗಿನ ಗಾಡಿಗಳಲ್ಲಿ ಕಾಲಂ ಬೇರೆ, ಸ್ಟೀರಿಂಗ್ ಬಾಕ್ಸ್ (ಕೆಳಗಿನ ಗೇರ್ ಪೆಟ್ಟಿಗೆ) ಬೇರೆ, ಮಧ್ಯೆ ಬಾಗುವ ಕ್ರಾಸ್ ಜಾಯಿಂಟ್ ಇರುತ್ತದೆ. ಬೋಲ್ಟ್ ಬಿಚ್ಚಿದರೆ ಕಾಲಂ ಕೈಗೆ ಬರುತ್ತದೆ. ನಿಮ್ಮದು ರಾಸ್ ಕಂಪನಿಯ ಕ್ಯಾಮ್ ಅಂಡ್ ಲಿವರ್ ಬಾಕ್ಸ್. ಅದರಲ್ಲಿ ವೀಲ್ ಕೂರುವ ತುದಿಯಿಂದ ಬಾಕ್ಸ್ ಒಳಗಿನ ತನಕ ಒಂದೇ ರಾಡ್. ಆ ರಾಡಿನ ಕೆಳತುದಿಯಲ್ಲೇ ಸುರುಳಿ ತೋಡು ಇರುವ ಕ್ಯಾಮ್ ಇದೆ. ಪಕ್ಕದಿಂದ ಬರುವ ಲಿವರ್‌ನಲ್ಲಿ ಎರಡು ಮೊನಚು ಪಿನ್ನು, ಅವು ಆ ಸುರುಳಿಯಲ್ಲಿ ಕೂತಿರುತ್ತವೆ. ನೀವು ವೀಲ್ ತಿರುಗಿಸಿದರೆ ಪಿನ್ನು ಸುರುಳಿಯಲ್ಲಿ ಸರಿದು ಲಿವರ್ ತಿರುಗಿ ಡ್ರಾಪ್ ಆರ್ಮ್, ಅಂದರೆ ಬಾಕ್ಸ್ ಹೊರಗಿನ ತೋಳು, ಆಡುತ್ತದೆ. ಅಂದರೆ ಕಾಲಂ ಬದಲಾಯಿಸುತ್ತೇನೆ ಅಂದರೆ ಬಾಕ್ಸ್ ಅರ್ಧ ಬದಲಾಯಿಸುತ್ತೇನೆ ಅಂತಲೇ ಅರ್ಥ. ಅಮೆರಿಕದ ಟಿಲ್ಟ್ ಕಾಲಂ ತಂದರೂ ಅದನ್ನು ನಿಮ್ಮ ಬಾಕ್ಸ್‌ಗೆ ಜೋಡಿಸುವ ಜಾಗವೇ ಇಲ್ಲ, ಯಾಕೆಂದರೆ ಬಾಕ್ಸ್‌ನಿಂದ ಹಲ್ಲು ಇರುವ ಗಿಡ್ಡ ತುದಿ ಹೊರಗೆ ಬಂದಿಲ್ಲ.

ಹಾಗಾಗಿ ಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಿ. ಗಾಡಿ ನೆಲದ ಮೇಲೇ ಇರಲಿ, ಜ್ಯಾಕ್ ಬೇಡ. ಮಗನನ್ನು ಸೀಟಿನಲ್ಲಿ ಕೂರಿಸಿ ವೀಲ್ ಅನ್ನು ಸ್ವಲ್ಪ ಸ್ವಲ್ಪ ಆ ಕಡೆ ಈ ಕಡೆ ತಿರುಗಿಸಲು ಹೇಳಿ. ನೀವು ಕೆಳಗೆ ಮಲಗಿ ಡ್ರಾಪ್ ಆರ್ಮ್ ಮೇಲೆ ಕೈ ಇಡಿ. ವೀಲ್ ತಿರುಗಿದರೂ ಡ್ರಾಪ್ ಆರ್ಮ್ ಸುಮ್ಮನಿದ್ದರೆ ಪ್ಲೇ ಬಾಕ್ಸ್ ಒಳಗಿದೆ. ಡ್ರಾಪ್ ಆರ್ಮ್ ಆಡಿ ಚಕ್ರ ಆಡದಿದ್ದರೆ ಪ್ಲೇ ಡ್ರ್ಯಾಗ್ ಲಿಂಕ್‌ನಲ್ಲೋ (ಡ್ರಾಪ್ ಆರ್ಮ್‌ನಿಂದ ಚಕ್ರದ ಕಡೆ ಹೋಗುವ ರಾಡು) ಟೈ ರಾಡ್ ಎಂಡ್‌ನಲ್ಲೋ (ಎರಡು ಚಕ್ರ ಜೋಡಿಸುವ ರಾಡಿನ ತುದಿ) ಇದೆ. ಅದಾದ ಮೇಲೆ ಮುಂದಿನ ಚಕ್ರ ಎತ್ತಿ, ಟೈರಿನ ಮೇಲೆ ಒಂದು ಕೈ ಕೆಳಗೆ ಒಂದು ಕೈ ಇಟ್ಟು ಅಲ್ಲಾಡಿಸಿ ನೋಡಿ, ಕಿಂಗ್ ಪಿನ್ (ಚಕ್ರ ಎಡ ಬಲ ತಿರುಗುವ ಕೀಲು) ಬೇರಿಂಗ್ ಹೋಗಿದ್ದರೆ ಅಲ್ಲಿ ಗೊತ್ತಾಗುತ್ತದೆ.

ಇನ್ನೊಂದು. ವೀಲ್ ಎತ್ತಿದರೆ ಕಟಕ್ ಅನ್ನುತ್ತದೆ ಅಂದಿರಲ್ಲ, ಅದು ಮೇಲಿನ ಬೇರಿಂಗ್ ಅಲ್ಲ. ಮೇಲಿನದು ರಾಡನ್ನು ಅಕ್ಕಪಕ್ಕ ಅಲ್ಲಾಡದ ಹಾಗೆ ಮಾತ್ರ ಹಿಡಿಯುತ್ತದೆ. ಮೇಲೆ ಕೆಳಗೆ ಹೋಗದ ಹಾಗೆ ಹಿಡಿಯುವುದು ಬಾಕ್ಸ್ ಒಳಗೆ ಕ್ಯಾಮ್‌ನ ಎರಡು ಬದಿಯಲ್ಲಿರುವ ಬಾಲ್ ಬೇರಿಂಗ್. ಅದು ಸವೆದಿರಬಹುದು. ಅಥವಾ ಬರೀ ಶಿಮ್ (ಸಂದಿ ಹೊಂದಿಸಲು ಹಾಕುವ ತೆಳು ತಗಡು) ತೆಗೆದರೆ ಸರಿ ಹೋಗಲೂಬಹುದು. ನೋಡಿ ಹೇಳಿ.

ಸಾಗರದವ (ಬೆಂಗಳೂರು):

ನಾನು ಅಮೆರಿಕದ ಕಾಲಂ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಟಿಲ್ಟ್ ಕಾಲಂ ಫೋಟೋ ನೋಡಿದರೆ ಯಾರಿಗಾದರೂ ಆಸೆ ಆಗುತ್ತದೆ. ಸಾಮಾನು ನಿಜಕ್ಕೂ ಚೆನ್ನಾಗಿರುತ್ತದೆ. ಆದರೆ ಅಲ್ಲಿಯವರು ಅದನ್ನು ಹಾಕುವಾಗ ಹಳೇ ಬಾಕ್ಸ್ ತೆಗೆದು ಸ್ಯಾಗಿನಾ ಅನ್ನುವ ಅಮೆರಿಕದ ಕಂಪನಿಯದ್ದರ ತರದ ಬೇರೆ ಬಾಕ್ಸ್ ಕೂರಿಸಿ, ಮಧ್ಯೆ ಒಂದು ಶಾಫ್ಟ್, ಎರಡು ಜಾಯಿಂಟ್ ಹಾಕುತ್ತಾರೆ. ಜೀಪ್ ಕಂಪನಿಯೇ 1972ರ ಸಿಜೆ ಮಾಡೆಲ್‌ಗಳಿಗೆ ರಾಸ್ ಬಿಟ್ಟು ಸ್ಯಾಗಿನಾ ಬಾಕ್ಸ್ ತಂದಿತು. ಅಲ್ಲಿ ಅದು ಸುಲಭ, ಎಲ್ಲ ಎಡಗೈ ಗಾಡಿ. ನಮ್ಮದು ಬಲಗೈ. ಎಡಗೈ ಗಾಡಿಯ ಬಾಕ್ಸ್ ತಂದು ಬಲಕ್ಕೆ ಕೂರಿಸಿದರೆ ಡ್ರಾಪ್ ಆರ್ಮ್ ಯಾವ ಕಡೆ ಹೋಗುತ್ತದೆ ಅನ್ನೋದನ್ನು ಮೊದಲು ಟೇಬಲ್ ಮೇಲೆ ಇಟ್ಟು ತಿರುಗಿಸಿ ನೋಡಬೇಕು. ಬಾಕ್ಸ್ ಕೂರಿಸುವ ರೀತಿ ತಪ್ಪಿದರೆ ಬಲಕ್ಕೆ ತಿರುಗಿಸಿದಾಗ ಗಾಡಿ ಎಡಕ್ಕೆ ಹೋಗುತ್ತದೆ. ಇದು ನಗುವ ವಿಷಯ ಅಲ್ಲ.

ಇಷ್ಟಾದರೂ ಬೇಕು ಅನ್ನುವುದಾದರೆ ಅಳತೆ ಹೀಗೆ ತೆಗೆದುಕೊಳ್ಳಿ. ನಿಮಗೆ ಬೇಕಾದ ಸೀಟನ್ನೇ ಹಾಕಿ ಕೂತುಕೊಳ್ಳಿ. ಕ್ಲಚ್ ಪೂರ್ತಿ ಒತ್ತಿ, ಮಂಡಿ ವೀಲ್‌ಗೆ ತಾಗದ ಹಾಗೆ ವೀಲ್ ಎಲ್ಲಿ ಇರಬೇಕು ಅಂತ ಗುರುತು ಮಾಡಿ. ಅಲ್ಲಿಂದ ನೆಲದ ತೂತಿನ ತನಕ ಒಂದು ಅಳತೆ, ಡ್ಯಾಶ್ ಬ್ರಾಕೆಟ್ ತನಕ ಇನ್ನೊಂದು, ತೂತಿನಿಂದ ಬಾಕ್ಸ್ ತನಕ ಮತ್ತೊಂದು. ಒಂದು ಪಿವಿಸಿ ಪೈಪ್ ಕತ್ತರಿಸಿ ಅದೇ ಕೋನದಲ್ಲಿ ಕಟ್ಟಿ ನೋಡುವುದು ಒಳ್ಳೆಯದು. ಕಾಲಂ ತುದಿ ಯಾವುದು ಅಂತ ಕೇಳಿಯೇ ತರಿಸಿ. ಅಲ್ಲಿ 3/4 ಇಂಚಿಗೆ 36 ಹಲ್ಲು, 3/4 ಇಂಚಿಗೆ 30 ಹಲ್ಲು, 1 ಇಂಚಿಗೆ 48 ಹಲ್ಲು, ಮತ್ತೆ ಎರಡು ಬದಿ ಚಪ್ಪಟೆ ಇರುವ ಡಬಲ್ ಡಿ ಅಂತ ಬೇರೆ ಬೇರೆ ಬರುತ್ತವೆ. 36 ಹಲ್ಲಿನ ಜಾಯಿಂಟ್ 30 ಹಲ್ಲಿನ ತುದಿಗೆ ಕೂರುವುದಿಲ್ಲ, ಹೊಡೆದು ಕೂರಿಸುವ ಸಾಮಾನೂ ಅಲ್ಲ.

ಜಾಯಿಂಟ್ ಒಂದರಲ್ಲಿ ಬಾಗು 30 ಡಿಗ್ರಿ ಒಳಗೇ ಇರಲಿ. ಎರಡು ಜಾಯಿಂಟ್ ಇದ್ದರೆ ಮಧ್ಯದ ಶಾಫ್ಟಿನ ಎರಡು ತುದಿಯ ಕವಲು ಒಂದೇ ನೇರದಲ್ಲಿರಬೇಕು, ಇಲ್ಲದಿದ್ದರೆ ವೀಲ್ ತಿರುಗಿಸುವಾಗ ಒಂದು ಕಡೆ ಹಗುರ ಒಂದು ಕಡೆ ಬಿಗಿ ಆಗುತ್ತದೆ. ಮೂರು ಜಾಯಿಂಟ್ ಬೇಕಾಯಿತು ಅಂದರೆ ಮಧ್ಯದ ಶಾಫ್ಟನ್ನು ಹಿಡಿಯಲು ಚಾಸಿಗೆ ಒಂದು ಸಪೋರ್ಟ್ ಬೇರಿಂಗ್ ಕಡ್ಡಾಯ.

ಇಷ್ಟೆಲ್ಲ ತೊಂದರೆ ಪಟ್ಟು ಜನ ಯಾಕೆ ಹಾಕಿಸುತ್ತಾರೆ ಅಂದರೆ ಅದಕ್ಕೂ ಕಾರಣ ಇದೆ. ನಿಮ್ಮ ಗಾಡಿಯ ರಾಡ್ ಒಂದೇ ಉದ್ದನೆ ಸಲಾಕೆ. ಮುಂದೆ ಜೋರಾಗಿ ಗುದ್ದಿದರೆ ಅದು ಸೀದಾ ಎದೆಗೆ ಬರುತ್ತದೆ. ಗುದ್ದಿದಾಗ ತನ್ನೊಳಗೇ ಕುಸಿಯುವ ಕಾಲಂ ಅನ್ನು ಜನರಲ್ ಮೋಟಾರ್ಸ್ 1967ರ ಮಾಡೆಲ್‌ಗಳಲ್ಲಿ ಹಾಕಿತು. 1968ರ ಜನವರಿಯಿಂದ ಅಮೆರಿಕದಲ್ಲಿ ಕಾರುಗಳಿಗೆ ಇದರ ನಿಯಮವೇ ಬಂತು. ಹಾಗಾಗಿ ಯಾವ ಹೊಸ ಕಾಲಂ ತಂದರೂ ಕುಸಿಯುವಂಥದ್ದು ಹೌದೋ ಅಲ್ಲವೋ ಅಂತ ಕೇಳಿಕೊಳ್ಳಿ. ಬರೀ ಟಿಲ್ಟ್ ಇದ್ದರೆ ಅದು ಕುಸಿಯುತ್ತದೆ ಅಂತ ಅರ್ಥ ಅಲ್ಲ.

ತೋಟದಮನೆ (ತೀರ್ಥಹಳ್ಳಿ):

ಎಲ್ಲರಿಗೂ ಧನ್ಯವಾದ. ಕೊಪ್ಪದವರು ಹೇಳಿದ ಪರೀಕ್ಷೆ ಇವತ್ತು ಬೆಳಿಗ್ಗೆ ಮಾಡಿದೆವು. ಪ್ಲೇ ಎರಡು ಕಡೆ ಇದೆ. ಅರ್ಧಕ್ಕಿಂತ ಜಾಸ್ತಿ ಡ್ರ್ಯಾಗ್ ಲಿಂಕ್ ತುದಿಯಲ್ಲಿ, ಒಳಗಿನ ಸ್ಪ್ರಿಂಗೇ ಮುರಿದಿದೆ. ಉಳಿದದ್ದು ಬಾಕ್ಸ್ ಒಳಗೆ. ಕಿಂಗ್ ಪಿನ್ ಗಟ್ಟಿ ಇದೆ. ವೀಲ್ ಬಿಚ್ಚಿ ನೋಡಿದರೆ ಮೇಲಿನ ಬೇರಿಂಗ್ ಪುಡಿ ಪುಡಿ ಆಗಿ ಪೈಪಿನೊಳಗೆ ಬಿದ್ದಿದೆ.

ಬಾಕ್ಸ್‌ನ ಸೈಡ್ ಸ್ಕ್ರೂ (ಲಿವರನ್ನು ಕ್ಯಾಮ್ ಕಡೆ ಒತ್ತುವುದು) ಬಿಗಿ ಮಾಡಿದರೆ ನೇರದಲ್ಲಿ ಪ್ಲೇ ಕಡಿಮೆ ಆಗುತ್ತದೆ, ಆದರೆ ಪೂರ್ತಿ ತಿರುಗಿಸುವಾಗ ಹಿಡಿದುಕೊಳ್ಳುತ್ತದೆ. ಗುಜರಿಯಲ್ಲಿ ನೋಡಿದ ಜೀಪ್ ಕಾಲಂ ಕೂಡ ಬಾಕ್ಸ್ ಸಮೇತವೇ ಇದೆ, ರಾಸ್ ಅಂತ ಎರಕದಲ್ಲಿ ಬರೆದಿದೆ. ಅದನ್ನೇ ತಂದು ಹಾಕಿದರೆ ಆಗುವುದಿಲ್ಲವೇ?

ಕೊಪ್ಪದ ಜೀಪ್:

ಬಿಗಿ ಮಾಡಿದರೆ ತಿರುವಿನಲ್ಲಿ ಹಿಡಿಯುತ್ತದೆ ಅಂದಿರಲ್ಲ, ಅಲ್ಲಿಗೆ ಉತ್ತರ ಸಿಕ್ಕಿತು. ಗಾಡಿ ಜಾಸ್ತಿ ಓಡುವುದು ನೇರಕ್ಕೆ. ಹಾಗಾಗಿ ಕ್ಯಾಮ್ ಸುರುಳಿಯ ನಡುಭಾಗ ಸವೆಯುತ್ತದೆ, ಎರಡು ತುದಿ ಹೊಸದರ ಹಾಗೇ ಇರುತ್ತದೆ. ನಡುವಿಗೆ ಸರಿಯಾಗುವಷ್ಟು ಸ್ಕ್ರೂ ಒತ್ತಿದರೆ ತುದಿಯಲ್ಲಿ ಪಿನ್ನು ಕಚ್ಚಿಕೊಳ್ಳುತ್ತದೆ. ಈ ಸ್ಥಿತಿಯಲ್ಲಿ ಆಗುಂಬೆ ಇಳಿಯಬೇಡಿ. ಅಲ್ಲಿ 14 ಹೇರ್‌ಪಿನ್ ತಿರುವು, ಪ್ರತಿ ತಿರುವಿನಲ್ಲೂ ಪೂರ್ತಿ ಕಟ್ ಹೊಡೆದು ಮತ್ತೆ ವೀಲ್ ತಾನಾಗಿ ವಾಪಸ್ ಬರಬೇಕು. ಕಚ್ಚಿಕೊಂಡರೆ ಮುಂದಿನ ತಿರುವಿಗೆ ಸಮಯ ಸಿಗುವುದಿಲ್ಲ.

ಗುಜರಿಯ ಜೀಪ್ ಕಾಲಂ ಬಗ್ಗೆ. ರಾಸ್ ಅಂತ ಇದ್ದ ಮಾತ್ರಕ್ಕೆ ನಿಮ್ಮದಕ್ಕೆ ಸರಿಹೋಗುತ್ತದೆ ಅಂತ ಅಲ್ಲ. ಜೀಪಿನಲ್ಲಿ ಕೂರುವ ಜಾಗವೇ ಬೇರೆ, ಪಿಕಪ್ ಕ್ಯಾಬಿನ್ ಬೇರೆ. ನಿಮ್ಮ ರಾಡ್ ಬಿಚ್ಚಿದ ಮೇಲೆ ಎರಡನ್ನೂ ಅಕ್ಕಪಕ್ಕ ಮಲಗಿಸಿ ನೋಡಿ. ಉದ್ದ, ಬಾಕ್ಸ್ ಚಾಸಿಗೆ ಕೂರುವ ಬೋಲ್ಟ್ ತೂತು, ಲಿವರ್ ಶಾಫ್ಟ್ ಉದ್ದ ಮತ್ತು ದಪ್ಪ, ಡ್ರಾಪ್ ಆರ್ಮ್ ಹಲ್ಲು, ಕ್ಯಾಮ್ ಸುರುಳಿ ಎಡಕ್ಕೋ ಬಲಕ್ಕೋ. ಇದರಲ್ಲಿ ಒಂದು ತಪ್ಪಿದರೂ ಬೇಡ. ಎಲ್ಲ ಸರಿ ಇದ್ದು ಕ್ಯಾಮ್ ಮಾತ್ರ ಚೆನ್ನಾಗಿದ್ದರೆ ಅದು ಚಿನ್ನ, ಬಿಡಬೇಡಿ. ಕ್ಯಾಮ್ ಚೆನ್ನಾಗಿದೆಯೇ ಅಂತ ತಿಳಿಯಲು ಉಗುರು ಸಾಕು. ಸುರುಳಿಯ ತುದಿಯಿಂದ ನಡುವಿನ ತನಕ ಉಗುರು ಎಳೆಯಿರಿ, ನಡುವೆ ಮೆಟ್ಟಿಲು ಸಿಕ್ಕಿದರೆ ಅಥವಾ ಮೇಲ್ಮೈ ಚುಕ್ಕೆ ಚುಕ್ಕೆ ಕಿತ್ತಿದ್ದರೆ ಬಿಟ್ಟುಬಿಡಿ. ಪಿನ್ನು ದುಂಡಗೆ ಮೊನಚಾಗಿರಬೇಕು, ಒಂದು ಕಡೆ ಚಪ್ಪಟೆ ಆಗಿರಬಾರದು.

ಮಲೆನಾಡ ಹಳೇಗಾಡಿ (ಶಿವಮೊಗ್ಗ):

ಯಾರೂ ಆರ್‌ಟಿಒ ಮಾತು ಎತ್ತಲಿಲ್ಲ, ಹಾಗಾಗಿ ನಾನು ಹೇಳುತ್ತೇನೆ. ಗಾಡಿಗೆ 50 ವರ್ಷ ದಾಟಿದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆ ನೋಂದಣಿ ನಿಯಮ ತಂದಿತು. ನಂಬರಿನಲ್ಲಿ ವಿಎ ಅಂತ ಬರುತ್ತದೆ, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಹತ್ತು ವರ್ಷ ನಡೆಯುತ್ತದೆ. ಆದರೆ ಅದಕ್ಕೆ ಗಾಡಿ ಮೂಲ ರೂಪದಲ್ಲಿ ಇರಬೇಕು. ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು. ಬೊಲೆರೊ ಬಾಕ್ಸ್ ಆಗಲಿ ಸ್ಯಾಗಿನಾ ಆಗಲಿ ಕೂರಿಸಬೇಕಾದರೆ ಚಾಸಿಗೆ ಹೊಸ ಪ್ಲೇಟ್ ವೆಲ್ಡ್ ಮಾಡಬೇಕು, ಎಲ್ಲಾದರೂ ಕತ್ತರಿಸಬೇಕು. ಆಮೇಲೆ ಮೂಲ ಚಾಸಿ ಅಂತ ಹೇಳುವುದು ಕಷ್ಟ.

ಇನ್ನೊಂದು ಕಡೆಯೂ ಯೋಚನೆ ಮಾಡಿ. ವಿಎ ನಂಬರ್ ತೆಗೆದುಕೊಂಡರೆ ಗಾಡಿಯನ್ನು ದಿನಾ ಓಡಿಸುವ ಹಾಗಿಲ್ಲ, ಬಾಡಿಗೆಗೆ ಅಂತೂ ಇಲ್ಲವೇ ಇಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸಲು, ರಿಪೇರಿಗೆ, ಅಷ್ಟೇ. ನಿಮಗೆ ಅಡಿಕೆ ಮೂಟೆ ಒಯ್ಯಬೇಕು ಅಂದರೆ ಮಾಮೂಲಿ ನೋಂದಣಿಯಲ್ಲೇ ಇಟ್ಟು, ಅವಧಿ ಮುಗಿದಾಗ ಎಫ್‌ಸಿ ಮಾಡಿಸಿ ನವೀಕರಣ ಮಾಡಿಕೊಂಡು ಹೋಗಬೇಕು. ಅಲ್ಲೂ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ಆರ್‌ಸಿಯಲ್ಲಿ ಇರುವುದಕ್ಕೂ ಗಾಡಿಗೂ ತಾಳೆ ಆಗದ ಹಾಗೆ ಬದಲಾಯಿಸುವಂತಿಲ್ಲ. ಏನೇ ಮಾಡಿಸುವ ಮುಂಚೆ ಆಫೀಸಿಗೆ ಹೋಗಿ ಇನ್ಸ್‌ಪೆಕ್ಟರ್ ಹತ್ತಿರ ಒಂದು ಮಾತು ಕೇಳಿ ಬನ್ನಿ.

ನನ್ನ ಅಭಿಪ್ರಾಯ ಕೇಳಿದರೆ ಆ ಗಾಡಿಯನ್ನು ಕತ್ತರಿಸಬೇಡಿ. ಮಲೆನಾಡಿನ ತೋಟಗಳಲ್ಲಿ ಎಷ್ಟೋ ಹಳೇ ಗಾಡಿಗಳು ಕೊಟ್ಟಿಗೆಯಲ್ಲೇ ಕರಗಿ ಹೋಗಿವೆ. ಉಳಿದಿರುವುದನ್ನು ಇದ್ದ ಹಾಗೆ ಉಳಿಸಬೇಕು ಅಂತ ನನಗೆ ಬಹಳ ಆಸೆ.

ಸಾಗರದವ (ಬೆಂಗಳೂರು):

ಒಪ್ಪುತ್ತೇನೆ. ಆದರೆ ದಿನಾ ಲೋಡ್ ಹಾಕಿ ಘಾಟಿ ಹತ್ತಿ ಇಳಿಯುವ ಗಾಡಿ ಅಂದರೆ ನನ್ನ ಉತ್ತರ ಬೇರೆ ಆಗುತ್ತಿತ್ತು. ಆಗ ಒಂದೇ ಬಲಗೈ ಗಾಡಿಯಿಂದ ಬಾಕ್ಸ್, ಕಾಲಂ, ಮಧ್ಯದ ಶಾಫ್ಟ್, ಡ್ರಾಪ್ ಆರ್ಮ್ ಎಲ್ಲವನ್ನೂ ಸೆಟ್ ಆಗಿ ತರಬೇಕು. ಕಾಲಂ ಒಂದರದು, ಬಾಕ್ಸ್ ಇನ್ನೊಂದರದು ಅಂತ ಮಾಡಿದರೆ ಜಾಯಿಂಟ್ ಜೋಡಿಸುವಲ್ಲೇ ವೆಲ್ಡಿಂಗ್ ಬಂದುಬಿಡುತ್ತದೆ. ದಾನಿ ಗಾಡಿಯ ಕಾಲಂನಲ್ಲಿ ಕೀ ಲಾಕ್ ಇದ್ದರೆ ಅದರದೇ ಕೀ ಇರಬೇಕು, ಕೆಲಸ ಮಾಡಬೇಕು. ಕೀ ಇಲ್ಲದ ಲಾಕನ್ನು ಅರ್ಧಂಬರ್ಧ ಒಡೆದು ಬಿಟ್ಟರೆ ಓಡುವಾಗ ಬೀಗ ಬಿದ್ದು ವೀಲ್ ನಿಂತುಬಿಡಬಹುದು.

ತೋಟದಮನೆ (ತೀರ್ಥಹಳ್ಳಿ):

ಮನೆಯಲ್ಲಿ ಕೂತು ಮಾತಾಡಿದೆವು. ಮೂಟೆ ಒಯ್ಯಲು ಬೇರೆ ಗಾಡಿ ಇದೆ, ಇದನ್ನು ತೋಟಕ್ಕೂ ಹಬ್ಬ ಹರಿದಿನಕ್ಕೂ ಇಟ್ಟುಕೊಳ್ಳುವುದು ಅಂತ ಆಯಿತು. ರಾಸ್ ಬಾಕ್ಸನ್ನೇ ಉಳಿಸುತ್ತೇವೆ. ಗುಜರಿ ಕಾಲಂ ತಂದು ಅಕ್ಕಪಕ್ಕ ಇಟ್ಟು ನೋಡಿದೆ. ರಾಡ್ ಗಿಡ್ಡ, ಆದರೆ ಲಿವರ್ ನಮ್ಮದೇ ಅಳತೆ, ಪಿನ್ನು ದುಂಡಗಿವೆ. ಅದನ್ನು ಇಟ್ಟುಕೊಂಡೆ. ಉದ್ದದ ಕ್ಯಾಮ್ ರಾಡ್ ಒಂದನ್ನು ಹುಡುಕಲು ತಮ್ಮನಿಗೆ ಹೇಳಿದ್ದೇನೆ, ವಿಲ್ಲೀಸ್ ಸಾಮಾನು ಮಾರುವವರು ಅಲ್ಲಿ ಇದ್ದಾರಂತೆ. ಹಳೇ ರಾಡ್ ತಂದರೆ ಬಿರುಕು ಇದೆಯೇ ಅಂತ ನೋಡುವುದು ಹೇಗೆ?

ಭದ್ರಾವತಿ ಟರ್ನರ್:

ಡೈ ಪೆನಿಟ್ರೆಂಟ್ ಮಾಡಿಸಿ. ಮಾಚೇನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಫೌಂಡ್ರಿ ಕೆಲಸ ಮಾಡುವವರಿಗೆ ಇದು ಗೊತ್ತಿರುತ್ತದೆ, ವಿಚಾರಿಸಿ. ಮೂರು ಸ್ಪ್ರೇ ಡಬ್ಬ. ಮೊದಲು ರಾಡನ್ನು ಎಣ್ಣೆ ಪಸೆ ಇಲ್ಲದ ಹಾಗೆ ತೊಳೆದು ಕೆಂಪು ಬಣ್ಣ ಹೊಡೆಯುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಒರೆಸಿ ಬಿಳಿ ಪುಡಿ ಹೊಡೆಯುತ್ತಾರೆ. ಬಿರುಕು ಇದ್ದರೆ ಬಿಳಿ ಮೇಲೆ ಕೂದಲೆಳೆಯಷ್ಟು ಕೆಂಪು ಗೆರೆ ಮೂಡುತ್ತದೆ. ವೀಲ್ ಕೂರುವ ಹಲ್ಲಿನ ಬುಡ ಮತ್ತು ಕ್ಯಾಮ್ ಶುರುವಾಗುವ ಜಾಗ, ಈ ಎರಡನ್ನು ಚೆನ್ನಾಗಿ ನೋಡಿ. ಗೆರೆ ಕಂಡರೆ ಆ ರಾಡ್ ಬೇಡ, ಎಷ್ಟು ದುಡ್ಡು ಕೊಟ್ಟಿದ್ದರೂ ಬೇಡ. ಆಮೇಲೆ ಲೇತ್‌ನಲ್ಲಿ ಎರಡು ಸೆಂಟರ್ ಮಧ್ಯೆ ಕಟ್ಟಿ ಡಯಲ್ ಇಟ್ಟು ಬೆಂಡ್ ಇದೆಯೇ ಅಂತ ನೋಡಬೇಕು. ಹೊರಗಿನ ಪೈಪ್ ತನ್ನಿ, ನಾನು ಮಾಡಿಕೊಡುತ್ತೇನೆ. ನೆಲ ದಾಟುವ ಜಾಗಕ್ಕೆ ರಬ್ಬರ್ ಹಾಕಿಸಿ, ಪೈಪ್ ಒಳಗೂ ರೆಡ್ ಆಕ್ಸೈಡ್ ಹೊಡೆಸಿ. ನಮ್ಮ ಮಳೆಗೆ ಅದು ಬೇಕೇ ಬೇಕು.

ಕೊಪ್ಪದ ಜೀಪ್:

ಜೋಡಿಸುವಾಗ ಕ್ರಮ ತಪ್ಪಬೇಡಿ. ಸೈಡ್ ಸ್ಕ್ರೂ ಪೂರ್ತಿ ಸಡಿಲ ಮಾಡಿ, ಮೊದಲು ಮೇಲಿನ ಕವರ್ ಕೆಳಗಿನ ಶಿಮ್ ಸರಿ ಮಾಡಿ. ವೀಲ್ ಮೇಲೆ ಕೆಳಗೆ ಆಡಬಾರದು, ಆದರೆ ಬೆರಳಲ್ಲಿ ತಿರುಗಬೇಕು. ಆಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಎಷ್ಟು ಸುತ್ತು ಅಂತ ಎಣಿಸಿ ಸರಿಯಾಗಿ ಅರ್ಧಕ್ಕೆ ನಿಲ್ಲಿಸಿ. ಅಲ್ಲಿ ಸೈಡ್ ಸ್ಕ್ರೂ ಸ್ವಲ್ಪ ಸ್ವಲ್ಪ ಬಿಗಿ ಮಾಡಿ, ನಡುವೆ ಒಂಚೂರು ತಡೆ ಸಿಗುವ ತನಕ ಮಾತ್ರ. ಬಾಕ್ಸ್ ಅರ್ಧಕ್ಕೆ ನಿಂತಿರುವಾಗ ಚಕ್ರ ನೇರ ಇರುವ ಹಾಗೆ ಡ್ರ್ಯಾಗ್ ಲಿಂಕ್ ಹೊಂದಿಸಿ. ವೀಲ್ ಬಿಚ್ಚಿ ಹಲ್ಲು ಬದಲಾಯಿಸಿ ನೇರ ಮಾಡುವವರು ಇದ್ದಾರೆ, ಹಾಗೆ ಮಾಡಿದರೆ ಬಾಕ್ಸ್ ನಡುಭಾಗ ತಪ್ಪಿ ಒಂದು ಕಡೆ ತಿರುವು ಕಡಿಮೆ ಆಗುತ್ತದೆ. ಡ್ರ್ಯಾಗ್ ಲಿಂಕ್ ಸ್ಪ್ರಿಂಗು, ಸೀಟು ಎರಡೂ ಹೊಸದು ಹಾಕಿ, ಸ್ಪ್ಲಿಟ್ ಪಿನ್ ಹಳೆಯದನ್ನೇ ಬಗ್ಗಿಸಿ ಹಾಕಬೇಡಿ.

ಮತ್ತೆ ಬಾಕ್ಸ್‌ಗೆ ಗ್ರೀಸ್ ತುಂಬಿಸಬೇಡಿ, ನಮ್ಮ ಕಡೆ ಸೀಲ್ ಸೋರುತ್ತದೆ ಅಂತ ಎಲ್ಲರೂ ಅದನ್ನೇ ಮಾಡುತ್ತಾರೆ. ಗ್ರೀಸನ್ನು ಕ್ಯಾಮ್ ಒಂದು ಸಲ ಪಕ್ಕಕ್ಕೆ ತಳ್ಳಿದರೆ ಅದು ವಾಪಸ್ ಬರುವುದಿಲ್ಲ, ಸುರುಳಿ ಒಣಗಿ ಓಡುತ್ತದೆ. ಲಿವರ್ ಶಾಫ್ಟ್ ಸೀಲ್ ಹೊಸದು ಹಾಕಿ ದಪ್ಪ ಗೇರ್ ಆಯಿಲ್ ಹಾಕಿ. ಮಳೆಗಾಲ ಮುಗಿದ ಮೇಲೆ ಪ್ಲಗ್ ಬಿಚ್ಚಿ ಆಯಿಲ್ ಬೆಳ್ಳಗಾಗಿದೆಯೇ ನೋಡಿ, ಬೆಳ್ಳಗಾಗಿದ್ದರೆ ನೀರು ಸೇರಿದೆ, ಬದಲಾಯಿಸಿ.

ತೋಟದಮನೆ (ತೀರ್ಥಹಳ್ಳಿ):

ಎಲ್ಲ ಬರೆದಿಟ್ಟುಕೊಂಡೆ. ಹಾರ್ನ್ ವೈರ್ ರಾಡ್ ಒಳಗಿಂದಲೇ ಬರುತ್ತದೆ, ಅದನ್ನು ಹೊಸದು ಹಾಕುವುದು ಯಾವಾಗ?

ಕೊಪ್ಪದ ಜೀಪ್:

ರಾಡ್ ಹೊರಗಿರುವಾಗಲೇ ಹಾಕಿ. ಬಾಕ್ಸ್ ಕೂರಿಸಿದ ಮೇಲೆ ತಡಕಾಡಬೇಕಾಗುತ್ತದೆ. ಹಳೇ ವೈರಿನ ತುದಿಗೆ ಹೊಸ ವೈರ್ ಕಟ್ಟಿ ಎಳೆಯಿರಿ, ಮೇಲೊಂದು ಸ್ಲೀವ್ ಹಾಕಿ. ಕೆಳಗೆ ವೈರ್ ಹೊರಬರುವ ಜಾಗದಿಂದಲೂ ಆಯಿಲ್ ಸೋರುತ್ತದೆ, ಅಲ್ಲಿನ ನಟ್ ಮತ್ತು ವಾಷರ್ ಸರಿಯಾಗಿ ಕೂತಿದೆಯೇ ನೋಡಿಕೊಳ್ಳಿ.